ಗುಣವಾದ ಮಲೇರಿಯಾ ಮತ್ತೆ ಬಂದದ್ದೇಕೆ?

ಚಂದಾಪುರದ ಸಹೋದರಿಗೆ,

ಮಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡಿ ಬಂದ ಮಗನಿಗೆ ಎರಡನೇ ಸಲ ವೈವಾಕ್ಸ್ ಮಲೇರಿಯಾ ಬಂದಿದೆ, ಮೈಯಲ್ಲಿ ಕಸುವಿಲ್ಲವೇ ಎಂದು ಕೇಳಿದ್ದೀರಿ. ಕಸುವಿನ ಮಾತಲ್ಲ ಇದು. ಈ ಪರಾವಲಂಬಿ ಅಡಗುವುದರಲ್ಲಿ ಪಳಗಿದ್ದು. ಸೊಳ್ಳೆ ಕಚ್ಚಿದ ಕೆಲವೇ ಗಂಟೆಗಳಲ್ಲಿ ಯಕೃತ್ತಿನ ಜೀವಕೋಶಗಳನ್ನು ಹೊಗುತ್ತದೆ. ವೈವಾಕ್ಸ್‌ನಲ್ಲಿ ಕೆಲವು ಅಲ್ಲೇ ತಿಂಗಳುಗಟ್ಟಲೆ ಮಲಗಿಬಿಡುತ್ತವೆ; ದೇಹದ ರಕ್ಷಣಾ ಕಣಗಳಿಗೆ ಸುಳಿವು ಸಿಗದು, ರಕ್ತಪರೀಕ್ಷೆಗೂ ಕಾಣವು.

ಮಲೇರಿಯಾದ ಇನ್ನೊಂದು ಪರಾವಲಂಬಿ ಫಾಲ್ಸಿಪಾರಮ್ ಇನ್ನೂ ಕಪಟಿ. ಕೆಂಪು ರಕ್ತಕಣದ ಮೇಲೆ ತೋರಿಸುವ ಪ್ರೋಟೀನನ್ನು ಸುಮಾರು 60 ಜೀನ್‌ಗಳ ಸಂಗ್ರಹದಿಂದ ಬದಲಿಸುತ್ತಲೇ ಇರುತ್ತದೆ. ದೇಹ ಒಂದು ವೇಷವನ್ನು ಗುರುತಿಸುವಷ್ಟರಲ್ಲಿ ಇನ್ನೊಂದು ವೇಷ! ಅದೇ ಪ್ರೋಟೀನಿನಿಂದ ರಕ್ತನಾಳದ ಗೋಡೆಗೆ ಅಂಟಿಕೊಂಡು ಗುಲ್ಮದ ಕೈಗೂ ಸಿಗದೆ ಉಳಿಯುತ್ತದೆ. ನಿಮ್ಮ ಸೀಮೆಗೆ ದೂರವಲ್ಲದ ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ 1897ರಲ್ಲೇ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಆದರೂ ಪೂರ್ಣ ರಕ್ಷಣೆಯ ಲಸಿಕೆ ಇಂದಿಗೂ ಇಲ್ಲ.

ಮೊದಲ ಸಲ ಜ್ವರ ಇಳಿದ ಮೇಲೂ ನಿಮ್ಮ ಮಗ 14 ದಿನದ ಪ್ರೈಮಾಕ್ವಿನ್ ಮಾತ್ರೆ ಪೂರ್ತಿ ನುಂಗಿದ್ದನೇ? ಬಹಳ ಜನ ನಡುವೆ ಬಿಡುತ್ತಾರೆ. ಯಕೃತ್ತಿನಲ್ಲಿ ಮಲಗಿದ್ದನ್ನು ಕೊಲ್ಲುವುದು ಆ ಮಾತ್ರೆಯೇ. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೆ, ಗರ್ಭಿಣಿಯರಿಗೆ ಅದು ಅಪಾಯ. ನೀವಾಗಿ ಅಂಗಡಿಯಿಂದ ತರಬೇಡಿ. ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆ ಶುರುವಾದ ಮೇಲೆ ಮೂತ್ರ ಕಪ್ಪಾದರೆ ನಿಲ್ಲಿಸಿ, ಅಂದೇ ವೈದ್ಯರನ್ನು ಕಾಣಿರಿ.