ತೊಂಬತ್ತು ದಿನದ ಲೆಕ್ಕ: ಷೆಂಗೆನ್ ಗಡಿಯಲ್ಲಿ ಸ್ಲೈಡಿಂಗ್ ವಿಂಡೋ

ಸ್ಲೈಡಿಂಗ್ ವಿಂಡೋ ಪಾಠ ಬಂದಾಗ ನಮ್ಮ ಕ್ಲಾಸಿನಲ್ಲಿ ಏಳುವ ಪ್ರಶ್ನೆ ಒಂದೇ: ಪ್ಲೇಸ್‌ಮೆಂಟ್ ಟೆಸ್ಟ್ ಬಿಟ್ಟು ಇದು ಇನ್ನೆಲ್ಲಿ ಉಪಯೋಗಕ್ಕೆ ಬರುತ್ತೆ? ಯೂರೋಪಿನ ಗಡಿಯಲ್ಲಿ ಬರುತ್ತೆ. ಅಲ್ಲಿ ಲೆಕ್ಕ ತಪ್ಪಿದರೆ ಮಾರ್ಕ್ಸ್ ಹೋಗೋದಲ್ಲ, ದಂಡ ಬೀಳಬಹುದು, ಮತ್ತೆ ಪ್ರವೇಶವೇ ಸಿಗದೆ ಹೋಗಬಹುದು.

ಷೆಂಗೆನ್ ಅಂದರೆ 29 ದೇಶಗಳ ಒಂದು ಒಕ್ಕೂಟ. ಅಮೆರಿಕ, ಬ್ರಿಟನ್, ಬ್ರೆಜಿಲ್ ಮುಂತಾದ ದೇಶದವರು ವೀಸಾ ಇಲ್ಲದೆ ಪ್ರವಾಸಿಗಳಾಗಿ ಎಷ್ಟು ಸಲ ಬೇಕಾದರೂ ಬಂದು ಹೋಗಬಹುದು. ಷರತ್ತು ಇಷ್ಟೇ: ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮೀರಬಾರದು. ಬಂದ ದಿನ, ಹೋದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋದರೆ ಹೊರಗೆ ಹೋದ ಹಾಗೆ ಅಲ್ಲ. ಲಂಡನ್‌ಗೆ ಹೋದರೆ ಹೊರಗೆ ಹೋದ ಹಾಗೆ ಹೌದು, ಆದರೆ ಮೀಟರ್ ಸೊನ್ನೆಗೆ ಬರಲ್ಲ!

ಮೊದಲು ನಿಯಮ ಬೇರೆ ಇತ್ತು. ಮೊದಲ ಪ್ರವೇಶದಿಂದ ಆರು ತಿಂಗಳು, ಅದರೊಳಗೆ ಮೂರು ತಿಂಗಳು. ರೇಟ್ ಲಿಮಿಟರ್ ಬರೆದವರಿಗೆ ಗೊತ್ತು, ಇದು ಫಿಕ್ಸ್ಡ್ ವಿಂಡೋ. ಇದರ ತೂತು ಎಲ್ಲಿದೆ ನೋಡಿ. ಜನವರಿ 1ಕ್ಕೆ ಬಂದು ಅದೇ ದಿನ ಹೊರಟುಬಿಡಿ. ಏಪ್ರಿಲ್ 3ಕ್ಕೆ ಮತ್ತೆ ಬಂದು ಜೂನ್ 30ರವರೆಗೆ ಇರಿ: 89 ದಿನ. ಒಮ್ಮೆ ಗಡಿ ದಾಟಿ ಜುಲೈ 1ಕ್ಕೆ ಒಳಗೆ ಬಂದರೆ ಹೊಸ ಕಿಟಕಿ, ಹೊಸ 90 ದಿನ. ಸೆಪ್ಟೆಂಬರ್ 28ರವರೆಗೆ, ಅಂದರೆ ಹೆಚ್ಚುಕಮ್ಮಿ ಆರು ತಿಂಗಳು ಒಂದೇ ಸಮನೆ! ಫ್ರಾನ್ಸಿನಲ್ಲಿ ಸಿಕ್ಕಿಬಿದ್ದ ರೊಮೇನಿಯಾದ ಪ್ರಜೆಯೊಬ್ಬರ ಪ್ರಕರಣದಲ್ಲಿ 2006ರಲ್ಲಿ ಯೂರೋಪಿನ ನ್ಯಾಯಾಲಯ, ನಿಯಮದ ಅಕ್ಷರಾರ್ಥ ಹೀಗೇ ಇದೆ, ಬೇಕಾದರೆ ಶಾಸಕರು ತಿದ್ದಲಿ ಎಂದಿತು. ತಿದ್ದಿದರು. 2013ರ ಅಕ್ಟೋಬರ್ 18ರಿಂದ ಕಿಟಕಿ ಜಾರತೊಡಗಿತು. ಕೋರ್ಟು ಬಗ್ ರಿಪೋರ್ಟ್ ಕೊಟ್ಟು ಏಳು ವರ್ಷಕ್ಕೆ ಪ್ಯಾಚ್ ಬಂತು ಅನ್ನಿ.

ಈಗಿನ ಲೆಕ್ಕ ಹೀಗೆ. ಅಲ್ಲಿರುವ ಪ್ರತಿ ದಿನವೂ ಆ ದಿನವನ್ನು ಸೇರಿಸಿ ಹಿಂದಿನ 180 ದಿನ ಎಣಿಸಬೇಕು. ಮಾರ್ಚ್ 1ರಿಂದ ಮೇ 29ರವರೆಗೆ ಇದ್ದರೆ 90 ಮುಗಿಯಿತು. ಮತ್ತೆ ಕಾಲಿಡಲು ಆಗಸ್ಟ್ 28 ಬರಬೇಕು. ಆ ದಿನ ಮಾರ್ಚ್ 1 ಕಿಟಕಿಯಿಂದ ಆಚೆ ಬೀಳುತ್ತೆ.

ಇನ್ನೊಂದು, ನಾವೇ ಮೊದಲು ತಪ್ಪು ಮಾಡಿದ್ದು. ಲೀಪ್ ವರ್ಷವಲ್ಲ ಎಂದಿಟ್ಟುಕೊಳ್ಳಿ. ಜನವರಿ 1ರಿಂದ 10ರವರೆಗೆ ಒಂದು ಪ್ರವಾಸ, ಆಮೇಲೆ ಮೇ 20ಕ್ಕೆ ಪ್ರವೇಶ. ಎಷ್ಟು ದಿನ ಇರಬಹುದು? 90ರಲ್ಲಿ 10 ಕಳೆದು 80 ಅಂದೆವು. ತಪ್ಪು. ಜೂನ್ 30ರಿಂದ ಜನವರಿಯ ದಿನಗಳು ಒಂದೊಂದಾಗಿ ಉದುರುತ್ತವೆ, ಜುಲೈ 9ಕ್ಕೆ ಹತ್ತೂ ಮಾಯ. ಹಾಗಾಗಿ ಪೂರ್ತಿ 90 ದಿನ, ಆಗಸ್ಟ್ 17ರವರೆಗೆ ಇರಬಹುದು. ಒಂದು ಕ್ಯೂ, ಒಂದು ಕೌಂಟರ್ ಇದ್ದರೆ ಹತ್ತು ಸಾಲಿನ ಪ್ರೋಗ್ರಾಂ, ಬರೆದು ನೋಡಿ.

ಹಿಂದೆ ಇದನ್ನೆಲ್ಲ ಪಾಸ್‌ಪೋರ್ಟಿನ ಮುದ್ರೆ ನೋಡಿ ಅಧಿಕಾರಿ ಎಣಿಸಬೇಕಿತ್ತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಂಡು ಕಂಪ್ಯೂಟರೇ ಎಣಿಸುತ್ತದೆ. ಹಾಗಂತ ಲೆಕ್ಕ ಸರಿಯಿದ್ದರೆ ಪ್ರವೇಶ ಖಾತ್ರಿ ಅಲ್ಲ. ಯಾಕೆ ಬಂದಿರಿ, ಖರ್ಚಿಗೆ ದುಡ್ಡಿದೆಯಾ ಅಂತ ಕೇಳುವ ಅಧಿಕಾರ ಗಡಿಯವರಿಗೆ ಇದ್ದೇ ಇದೆ.

ನಮ್ಮ ಪಾಸ್‌ಪೋರ್ಟಿಗಂತೂ ವೀಸಾ ಬೇಕೇ ಬೇಕು. ಆದರೂ ಇದು ನಮಗೆ ಸಂಬಂಧಿಸಿದ್ದೇ. 2024ರ ಏಪ್ರಿಲ್‌ನಿಂದ, ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾ ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ, ಆಮೇಲೆ ಐದು ವರ್ಷದ ಬಹು ಪ್ರವೇಶದ ವೀಸಾ ಸಿಗುವ ಹಾದಿ ತೆರೆದಿದೆ. ಐದು ವರ್ಷ ಅನ್ನೋದು ಸ್ಟಿಕರಿನ ಆಯಸ್ಸು, ಅಲ್ಲಿ ಇರೋದಕ್ಕೆ ಅದೇ 90/180. ಜರ್ಮನಿಯಲ್ಲಿ ಎಂಎಸ್ ಮಾಡುತ್ತಿರುವ ಸೀನಿಯರ್‌ಗಳಿಗೆ ಮಾತ್ರ ರೆಸಿಡೆನ್ಸ್ ಪರ್ಮಿಟ್ಟಿನ ಮೇಲೆ ಅಲ್ಲಿರುವ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ರಜೆಗೆ ಇಟಲಿಗೋ ಸ್ಪೇನಿಗೋ ಹೋದರೆ ಅವರೂ ಎಣಿಸಲೇಬೇಕು.