ಕಣದ ದೀಪಕ್ಕೂ ಮನೆಯ ದೀಪಕ್ಕೂ ಬೇರೆ ಬ್ಯಾಟರಿ: ಆಯ್ಕೆ, ಬದಲಾವಣೆ ಮತ್ತು ಜೋಡಣೆ

ಕುಂದಗೋಳ ತಾಲ್ಲೂಕಿನ ಕುಬಿಹಾಳ ಹಾಗೂ ಸುತ್ತಲಿನ ಎರೆಭೂಮಿಯ ಹಳ್ಳಿಗಳಲ್ಲಿ ಮೆಣಸಿನಕಾಯಿ, ಹತ್ತಿ, ಕಡಲೆ, ಜೋಳ ಇವು ರೈತರಿಗೆ ಪರಿಚಿತವಾದ ಬೆಳೆಗಳು. ಬಿಡಿಸಿದ ಮೆಣಸಿನಕಾಯಿಯನ್ನು ಕಣದಲ್ಲಿ ಹರವಿ ಒಣಗಿಸುವ ದಿನಗಳಲ್ಲಿ ರಾತ್ರಿ ಕಾವಲು ತಪ್ಪದು. ಕಾವಲಿಗೆ ದೀಪ ಬೇಕು. ಊರಿನಿಂದ ದೂರವಿರುವ ಹೊಲಕ್ಕೆ ವಿದ್ಯುತ್ ತಂತಿ ಇರುವುದಿಲ್ಲ. ಆಗ ಅನೇಕರು ಕಣದಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿನ ಬ್ಯಾಟರಿಗೇ ಎರಡು ವೈರು ಸಿಕ್ಕಿಸಿ ದೀಪ ಹಚ್ಚುತ್ತಾರೆ. ನಾಲ್ಕಾರು ದಿನ ಇದು ಸರಿಯಾಗಿಯೇ ನಡೆಯುತ್ತದೆ. ಕೊನೆಗೆ ಬ್ಯಾಡಗಿ ಪೇಟೆಗೆ ಮಾಲು ಸಾಗಿಸಬೇಕಾದ ದಿನ ಬೆಳಿಗ್ಗೆಯೇ ಎಂಜಿನ್ ತಿರುಗುವುದಿಲ್ಲ.

ಇದು ಬ್ಯಾಟರಿಯ ದೋಷವಲ್ಲ. ಒಂದು ಕೆಲಸಕ್ಕಾಗಿ ಮಾಡಿದ ಬ್ಯಾಟರಿಯಿಂದ ಇನ್ನೊಂದು ಕೆಲಸ ತೆಗೆದುದರ ಫಲ. ಮನೆಯ ಇನ್ವರ್ಟರು ಮತ್ತು ಸೌರ ದೀಪಗಳ ಬ್ಯಾಟರಿ ಬದಲಾಯಿಸುವಾಗಲೂ ಇಂಥದೇ ತಪ್ಪುಗಳಾಗಿ ಸಾವಿರಾರು ರೂಪಾಯಿ ನಷ್ಟವಾಗುತ್ತದೆ. ಆದ್ದರಿಂದ ಬ್ಯಾಟರಿಯನ್ನು ಆರಿಸುವ, ಬದಲಾಯಿಸುವ ಮತ್ತು ಜೋಡಿಸುವ ಕ್ರಮವನ್ನು ಪ್ರತಿಯೊಬ್ಬ ರೈತರೂ ತಿಳಿದಿರುವುದು ಒಳ್ಳೆಯದು.

ಎರಡು ಬಗೆಯ ಬ್ಯಾಟರಿ

ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ವಿದ್ಯುತ್ತನ್ನು ಕೂಡಿಡುವ ವಿಧಾನವನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಕಂಡುಹಿಡಿದನು. ಟ್ರ್ಯಾಕ್ಟರಿನ ಬ್ಯಾಟರಿ ಮತ್ತು ಇನ್ವರ್ಟರಿನ ಬ್ಯಾಟರಿ ಎರಡೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಆದರೆ ಒಳಗಿನ ರಚನೆ ಬೇರೆ.

ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ತೆಳುವಾದ ಹಲವು ಫಲಕಗಳಿರುತ್ತವೆ. ಎಂಜಿನ್ ಚಾಲೂ ಮಾಡುವಾಗ ಕೆಲವೇ ಸೆಕೆಂಡು ನೂರಾರು ಆಂಪಿಯರ್ ವಿದ್ಯುತ್ತನ್ನು ಕೊಡುವುದು ಅದರ ಕೆಲಸ. ಖರ್ಚಾದುದನ್ನು ಎಂಜಿನ್ ಓಡುವಾಗ ಡೈನಮೋ ಅಥವಾ ಆಲ್ಟರ್ನೇಟರು ಕೂಡಲೇ ತುಂಬುತ್ತದೆ. ಪದೇಪದೇ ಪೂರ್ತಿ ಬರಿದು ಮಾಡಿದರೆ ಈ ತೆಳು ಫಲಕಗಳು ಬೇಗನೆ ಕೆಡುತ್ತವೆ.

ದೀಪದ ಬ್ಯಾಟರಿಯ ಧನ ಫಲಕಗಳು ದಪ್ಪ ಕೊಳವೆಯ ಆಕಾರದಲ್ಲಿರುತ್ತವೆ. ಇದಕ್ಕೆ ಟ್ಯೂಬುಲರ್ ಬ್ಯಾಟರಿ ಎನ್ನುತ್ತಾರೆ. ಇದು ಕಡಿಮೆ ವಿದ್ಯುತ್ತನ್ನು ಬಹಳ ಹೊತ್ತು ಕೊಡುತ್ತದೆ, ದಿನವೂ ಅರ್ಧದಷ್ಟು ಖರ್ಚಾಗಿ ಮತ್ತೆ ತುಂಬಿಕೊಳ್ಳುವುದನ್ನು ತಾಳಿಕೊಳ್ಳುತ್ತದೆ. ವಿದೇಶಗಳಲ್ಲಿ ಮನೆಯಂತೆ ಕಟ್ಟಿಸಿದ ಪ್ರಯಾಣದ ವಾಹನಗಳಲ್ಲಿಯೂ ಎಂಜಿನ್ನಿಗೆ ಒಂದು, ಒಳಗಿನ ದೀಪ-ಫ್ಯಾನುಗಳಿಗೆ ಇನ್ನೊಂದು ಎಂದು ಎರಡು ಬಗೆಯ ಬ್ಯಾಟರಿ ಇಡುತ್ತಾರೆ. ನಮ್ಮ ಕಣಕ್ಕೂ ಇದೇ ನಿಯಮ ಸರಿ.

ಲೆಕ್ಕ ಹಾಕುವ ಬಗೆ

ಟ್ರ್ಯಾಕ್ಟರಿನ ಮುಂದಿನ ಎರಡು ದೀಪಗಳು ತಲಾ 55 ವ್ಯಾಟಿನವು ಎಂದಿಟ್ಟುಕೊಳ್ಳೋಣ. ಒಟ್ಟು 110 ವ್ಯಾಟ್. ಇದನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 9 ಆಂಪಿಯರ್. 88 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಯಾದರೂ ಹತ್ತು ಗಂಟೆಗಳೊಳಗೆ ಬರಿದಾಗುತ್ತದೆ.

ಇದರ ಬದಲು 10 ವ್ಯಾಟಿನ ಎರಡು ಎಲ್.ಇ.ಡಿ. ದೀಪಗಳನ್ನು 10 ಗಂಟೆ ಉರಿಸಿದರೆ 200 ವ್ಯಾಟ್-ಗಂಟೆ. ಮೊಬೈಲ್ ಚಾರ್ಜಿಗೆ 20 ಸೇರಿಸಿದರೆ 220. ಇದನ್ನು 12ರಿಂದ ಭಾಗಿಸಿದರೆ ಸುಮಾರು 18 ಆಂಪಿಯರ್-ಗಂಟೆ. ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಆದ್ದರಿಂದ ಇದರ ಎರಡರಷ್ಟು, ಅಂದರೆ 40 ಆಂಪಿಯರ್-ಗಂಟೆಯ ಒಂದು ಟ್ಯೂಬುಲರ್ ಬ್ಯಾಟರಿ ಕಣಕ್ಕೆ ಸಾಕು. ಅದನ್ನು ಹಗಲು ತುಂಬಲು 75 ವ್ಯಾಟಿನ ಸೌರ ಫಲಕ ಮತ್ತು ಒಂದು ಚಾರ್ಜ್ ಕಂಟ್ರೋಲರ್ ಬೇಕು.

ಮನೆಗೂ ಇದೇ ಲೆಕ್ಕ. 9 ವ್ಯಾಟಿನ ನಾಲ್ಕು ದೀಪ 5 ಗಂಟೆ ಉರಿದರೆ 180, 70 ವ್ಯಾಟಿನ ಫ್ಯಾನು 4 ಗಂಟೆ ತಿರುಗಿದರೆ 280, ಒಟ್ಟು 460 ವ್ಯಾಟ್-ಗಂಟೆ. ಇನ್ವರ್ಟರಿನಲ್ಲಿ ಆಗುವ ನಷ್ಟ ಸೇರಿಸಿ 550 ಎಂದು ಹಿಡಿಯಬೇಕು. 12ರಿಂದ ಭಾಗಿಸಿದರೆ 46. ಅದರ ಎರಡರಷ್ಟು, ಸುಮಾರು 100 ಆಂಪಿಯರ್-ಗಂಟೆ. ಸೂರ್ಯನನ್ನೇ ನಂಬಿದ ಮನೆಯಾದರೆ ಮೋಡದ ದಿನಗಳಿಗಾಗಿ ಇಂಥ ಎರಡು ಬ್ಯಾಟರಿ ಇಡುವುದು ಒಳ್ಳೆಯದು.

ಬದಲಾಯಿಸುವ ಕಾಲ ಬಂದಿದೆಯೇ?

ದೀಪ ಬೇಗ ಮಂಕಾದ ಮಾತ್ರಕ್ಕೆ ಬ್ಯಾಟರಿ ಸತ್ತಿದೆ ಎಂದು ತಿಳಿಯಬಾರದು. ಮೊದಲು ತುದಿಗಳ ಮೇಲಿನ ಹಸಿರು-ಬಿಳಿ ಕಿಲುಬನ್ನು ತೊಳೆದು, ಸಡಿಲವಾದ ಬೋಲ್ಟನ್ನು ಬಿಗಿಮಾಡಿ, ನೀರಿನ ಮಟ್ಟ ಸರಿಪಡಿಸಿ ಪೂರ್ತಿ ಚಾರ್ಜು ಮಾಡಬೇಕು. ನಂತರ ಚಾರ್ಜು ಮತ್ತು ದೀಪ ಎರಡನ್ನೂ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಮೀಟರಿನಿಂದ ಅಳೆಯಬೇಕು. 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ತುಂಬಿದೆ. ಸುಮಾರು 12.2 ಇದ್ದರೆ ಅರ್ಧ. 11.9ಕ್ಕಿಂತ ಕೆಳಗಿದ್ದರೆ ಬರಿದು. ಹೈಡ್ರೋಮೀಟರಿನಿಂದ ಆರೂ ಕೋಶಗಳ ಆಮ್ಲದ ಸಾಂದ್ರತೆಯನ್ನೂ ನೋಡಬೇಕು. ತುಂಬಿದ ಟ್ಯೂಬುಲರ್ ಬ್ಯಾಟರಿಯಲ್ಲಿ ಇದು ಸುಮಾರು 1.24 ಇರುತ್ತದೆ. ಐದು ಕೋಶಗಳು ಸರಿಯಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಬ್ಯಾಟರಿಯ ಕಾಲ ಮುಗಿದಿದೆ ಎಂದೇ ಅರ್ಥ.

ಹಳೆಯದಕ್ಕೆ ಹೊಸದನ್ನು ಕೂಡಿಸಬೇಡಿರಿ

ಎರಡರಲ್ಲಿ ಒಂದು ಕೆಟ್ಟಾಗ ಒಂದನ್ನೇ ತಂದು ಹಣ ಉಳಿಸುವ ಮನಸ್ಸಾಗುವುದು ಸಹಜ. ಆದರೆ ಸೋತ ಎತ್ತಿನ ಜೊತೆಗೆ ಹೊಸ ಎತ್ತು ಹೂಡಿದಂತೆ ಆಗುತ್ತದೆ. ಅಕ್ಕಪಕ್ಕ ಸಮಾಂತರವಾಗಿ ಜೋಡಿಸಿದಾಗ ಹೊಸ ಬ್ಯಾಟರಿಯ ವಿದ್ಯುತ್ತು ದುರ್ಬಲ ಬ್ಯಾಟರಿಗೆ ಹರಿದು ವ್ಯರ್ಥವಾಗುತ್ತದೆ. ಸಾಲಾಗಿ ಜೋಡಿಸಿದಾಗ ಹಳೆಯದು ಮೊದಲು ಬರಿದಾಗುತ್ತದೆ, ಚಾರ್ಜು ಮಾಡುವಾಗ ಕುದಿಯುತ್ತದೆ. ಹೊಸದು ಪೂರ್ತಿ ತುಂಬುವುದೇ ಇಲ್ಲ. ಹೀಗೆ ಹೊಸದೂ ಅವಧಿಗೆ ಮೊದಲೇ ಕೆಡುತ್ತದೆ. ಆದ್ದರಿಂದ ಒಂದೇ ತಯಾರಿಕೆಯ, ಒಂದೇ ಬಗೆಯ, ಒಂದೇ ಸಾಮರ್ಥ್ಯದ ಎರಡನ್ನೂ ಒಟ್ಟಿಗೆ ತರಬೇಕು. ಎರಡಕ್ಕೆ ಹಣ ಸಾಲದಿದ್ದರೆ, ಉಪಕರಣ 12 ವೋಲ್ಟಿನದಾಗಿದ್ದಲ್ಲಿ, ಹಳೆಯ ಎರಡನ್ನೂ ತೆಗೆದು ಹೊಸದೊಂದರಿಂದಲೇ ನಡೆಸುವುದು ಲೇಸು.

ಕಳಚುವ ಕ್ರಮ

1. ಕೈಯ ಉಂಗುರ, ಕಡಗ, ಬಳೆ ತೆಗೆದಿಡಬೇಕು. ಪಾನಾದ ಹಿಡಿಕೆಗೆ ಇನ್ಸುಲೇಶನ್ ಟೇಪು ಸುತ್ತಬೇಕು. ಎರಡು ತುದಿಗಳ ನಡುವೆ ಪಾನಾ ತಗಲಿದರೆ ಅದು ಕ್ಷಣದಲ್ಲಿ ಕಾದು ಕೆಂಪಾಗುತ್ತದೆ.
2. ದೀಪ, ಫ್ಯಾನು ಎಲ್ಲವನ್ನೂ ಆರಿಸಬೇಕು. ಇನ್ವರ್ಟರು ಬಂದು ಮಾಡಿ ಅದರ ಪ್ಲಗ್ಗನ್ನು ಕಿತ್ತಿಡಬೇಕು.
3. ಸೌರ ಘಟಕವಾದರೆ ಮೊದಲು ಕಂಟ್ರೋಲರಿನಿಂದ ಫಲಕದ ವೈರು ತೆಗೆದು, ಆಮೇಲೆ ಬ್ಯಾಟರಿಯ ವೈರಿಗೆ ಕೈ ಹಾಕಬೇಕು.
4. ಯಾವ ವೈರು ಎಲ್ಲಿತ್ತು ಎಂಬುದನ್ನು ಕಾಗದದ ಮೇಲೆ ಗೆರೆ ಎಳೆದು ಬರೆದುಕೊಳ್ಳಬೇಕು.
5. ಮೊದಲು ಋಣ, ನಂತರ ಧನ ತುದಿ ಬಿಚ್ಚಬೇಕು. ಟ್ರ್ಯಾಕ್ಟರಿನಲ್ಲಾದರೆ ಚಾಸಿಗೆ ಬಿಗಿದ ವೈರನ್ನು ಮೊದಲು ತೆಗೆಯಬೇಕು.
6. ಬ್ಯಾಟರಿಯನ್ನು ಇಬ್ಬರು ಹಿಡಿದು ನೆಟ್ಟಗೆ ಎತ್ತಬೇಕು. ಓರೆ ಮಾಡಿದರೆ ಆಮ್ಲ ಚೆಲ್ಲುತ್ತದೆ.

ಜೋಡಿಸುವ ಕ್ರಮ

ಮೊದಲು ಇನ್ವರ್ಟರು ಅಥವಾ ಕಂಟ್ರೋಲರಿನ ತಗಡಿನ ಮೇಲೆ 12 ವೋಲ್ಟ್ ಎಂದಿದೆಯೋ 24 ವೋಲ್ಟ್ ಎಂದಿದೆಯೋ ನೋಡಬೇಕು.

12 ವೋಲ್ಟ್ ಇದ್ದರೆ ಸಮಾಂತರ ಜೋಡಣೆ: ಒಂದನೆಯ ಬ್ಯಾಟರಿಯ ಧನಕ್ಕೆ ಎರಡನೆಯದರ ಧನ, ಋಣಕ್ಕೆ ಋಣ. 100 ಆಂಪಿಯರ್-ಗಂಟೆಯ ಎರಡು ಬ್ಯಾಟರಿ ಸೇರಿ 12 ವೋಲ್ಟ್, 200 ಆಂಪಿಯರ್-ಗಂಟೆ ಆಗುತ್ತದೆ. ಇನ್ವರ್ಟರಿಗೆ ಹೋಗುವ ಧನ ವೈರನ್ನು ಒಂದನೆಯದರಿಂದಲೂ ಋಣ ವೈರನ್ನು ಎರಡನೆಯದರಿಂದಲೂ ತೆಗೆಯಬೇಕು. ಎರಡನ್ನೂ ಒಂದರಿಂದಲೇ ತೆಗೆದರೆ ಆ ಒಂದರ ಮೇಲೆಯೇ ಹೆಚ್ಚು ಭಾರ ಬಿದ್ದು ಅದು ಬೇಗ ಸವೆಯುತ್ತದೆ.

24 ವೋಲ್ಟ್ ಇದ್ದರೆ ಸರಣಿ ಜೋಡಣೆ: ಒಂದನೆಯದರ ಋಣಕ್ಕೆ ಎರಡನೆಯದರ ಧನ. ಉಳಿದ ಎರಡು ತುದಿಗಳು ಇನ್ವರ್ಟರಿಗೆ. ಇದರಲ್ಲಿ ವೋಲ್ಟ್ 24 ಆಗುತ್ತದೆ, ಸಾಮರ್ಥ್ಯ 100 ಆಂಪಿಯರ್-ಗಂಟೆಯೇ ಉಳಿಯುತ್ತದೆ. 12 ವೋಲ್ಟಿನ ಉಪಕರಣಕ್ಕೆ ಹೀಗೆ ಜೋಡಿಸಿದರೆ ಅದು ಸುಟ್ಟುಹೋಗುವುದು.

ಜೋಡಿಸುವಾಗ ಧನ ತುದಿ ಮೊದಲು, ಋಣ ತುದಿ ಕೊನೆಗೆ. ಸೌರ ಘಟಕದಲ್ಲಿ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಫಲಕ. ಬಿಗಿಮಾಡಿದ ತುದಿಗಳಿಗೆ ವ್ಯಾಸಲೀನ್ ಸವರಿದರೆ ಕಿಲುಬು ಹಿಡಿಯುವುದಿಲ್ಲ.

ಧನ ವೈರಿನಲ್ಲಿ, ಬ್ಯಾಟರಿಯಿಂದ ಗೇಣುದ್ದದೊಳಗೆ, ಫ್ಯೂಜು ಇರಲೇಬೇಕು. ಕಣದ ದೀಪಕ್ಕೆ 2.5 ಚದರ ಮಿ.ಮೀ. ತಾಮ್ರದ ವೈರು ಮತ್ತು 10 ಆಂಪಿಯರ್ ಫ್ಯೂಜು ಸಾಕು. ಇನ್ವರ್ಟರಿನ ಸ್ಥಿತಿ ಬೇರೆ. 600 ವ್ಯಾಟಿನ ಭಾರಕ್ಕೆ 12 ವೋಲ್ಟಿನಲ್ಲಿ 50 ಆಂಪಿಯರಿಗೂ ಮಿಕ್ಕಿ ವಿದ್ಯುತ್ತು ಹರಿಯುತ್ತದೆ. ಆದ್ದರಿಂದ ಇನ್ವರ್ಟರಿನ ಜೊತೆ ಬಂದ ದಪ್ಪ ವೈರನ್ನೇ ಬಳಸಬೇಕು. ಅದಕ್ಕೆ ತೆಳು ವೈರು ಕೂಡಿಸಿ ಉದ್ದ ಮಾಡಬಾರದು.

ಸ್ಥಳ, ನೀರು ಮತ್ತು ಎಚ್ಚರಿಕೆ

ಚಾರ್ಜು ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಗಾಳಿಯಲ್ಲಿ ಇದು ನೂರಕ್ಕೆ 4ರಷ್ಟು ಸೇರಿದರೂ ಕಿಡಿ ತಗಲಿದರೆ ಸಿಡಿಯುತ್ತದೆ. ಆದ್ದರಿಂದ ಬ್ಯಾಟರಿಯನ್ನು ದೇವರ ಮನೆಯಲ್ಲಿ, ಒಲೆಯ ಹತ್ತಿರ, ಹತ್ತಿ ಅಥವಾ ಹೊಟ್ಟು ತುಂಬಿದ ಕೋಣೆಯಲ್ಲಿ ಇಡಬಾರದು. ಗಾಳಿಯಾಡುವ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ನೀರಿನ ಮಟ್ಟ ನೋಡಲು ಕಡ್ಡಿ ಗೀರಬಾರದು, ಬೀಡಿ ಸೇದುತ್ತ ಹತ್ತಿರ ಹೋಗಬಾರದು.

ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಎರೆಸೀಮೆಯಲ್ಲಿ ಅನೇಕ ಬಾವಿ, ಬೋರುಗಳ ನೀರು ಸವುಳು. ಅದರಲ್ಲಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಕುಡಿಯುವ ಕೆರೆಯ ನೀರೂ ಬ್ಯಾಟರಿಗೆ ಸಲ್ಲದು. ಬ್ಯಾಟರಿ ನೀರಿಗೆಂದೇ ಐ.ಎಸ್. 1069 ಎಂಬ ಭಾರತೀಯ ಮಾನಕವಿದೆ. ತಿಂಗಳಿಗೊಮ್ಮೆ ಮಟ್ಟ ನೋಡಿ, ಚಾರ್ಜು ಆದ ನಂತರ ಮೇಲಿನ ಗುರುತಿನವರೆಗೆ ಮಾತ್ರ ತುಂಬಬೇಕು. ಆಮ್ಲವನ್ನು ಎಂದೂ ಸೇರಿಸಬಾರದು.

ಆಮ್ಲ ಮೈಮೇಲೆ ಬಿದ್ದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಹಾಕುತ್ತಿದ್ದು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ನೆಲದ ಮೇಲೆ ಚೆಲ್ಲಿದ್ದರೆ ಅಡುಗೆ ಸೋಡಾ ಉದುರಿಸಿ ತೊಳೆಯಬಹುದು.

ಹಳೆಯ ಬ್ಯಾಟರಿ ಏನು ಮಾಡಬೇಕು?

ಅದನ್ನು ಒಡೆದು ಸೀಸ ತೆಗೆಯುವುದಾಗಲಿ, ಆಮ್ಲವನ್ನು ಹೊಲಕ್ಕೋ ಹಳ್ಳಕ್ಕೋ ಚೆಲ್ಲುವುದಾಗಲಿ ಕೂಡದು. ಸೀಸದ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಕೇಂದ್ರ ಸರಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳು ನೋಂದಾಯಿತ ಮರುಬಳಕೆ ಘಟಕಗಳಿಗೇ ಸೇರಬೇಕು. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ರೈತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಈಗ ಬರುತ್ತಿರುವ ಲಿಥಿಯಂ ಬ್ಯಾಟರಿ ಹಾಕಬಹುದೇ?
ಉತ್ತರ: ಹಾಕಬಹುದು. ಅದು ಹಗುರ, ನೀರು ಬೇಡ. ಆದರೆ ಇನ್ವರ್ಟರು ಮತ್ತು ಕಂಟ್ರೋಲರು ಲಿಥಿಯಂಗೆ ಹೊಂದುವಂಥವಾಗಿರಬೇಕು. ಸೀಸದ ಬ್ಯಾಟರಿಯೊಡನೆ ಅದನ್ನು ಜೋಡಿಸಲೇಬಾರದು.

ಪ್ರಶ್ನೆ: ಸುಗ್ಗಿ ಮುಗಿದ ಮೇಲೆ ಕಣದ ಬ್ಯಾಟರಿಯನ್ನು ಹೇಗೆ ಇಡಬೇಕು?
ಉತ್ತರ: ಪೂರ್ತಿ ಚಾರ್ಜು ಮಾಡಿ, ವೈರು ಕಳಚಿ, ತಂಪಾದ ಜಾಗದಲ್ಲಿ ಹಲಗೆಯ ಮೇಲೆ ಇಡಬೇಕು. ತಿಂಗಳಿಗೊಮ್ಮೆ ಮತ್ತೆ ಚಾರ್ಜು ಮಾಡಬೇಕು. ಬರಿದಾಗಿ ಬಿಟ್ಟ ಬ್ಯಾಟರಿಯ ಫಲಕಗಳ ಮೇಲೆ ಗಟ್ಟಿಯಾದ ಪದರು ಕಟ್ಟಿ ಮುಂದಿನ ಸುಗ್ಗಿಗೆ ಅದು ಏಳುವುದಿಲ್ಲ.

ಹೊಸ ಬ್ಯಾಟರಿ ಕೂಡಿಸಿದ ದಿನವೇ ಅದರ ಮೈಮೇಲೆ ಬಣ್ಣದಿಂದ ತಾರೀಖು ಬರೆದಿಡಿರಿ, ರಸೀದಿ ಮತ್ತು ಗ್ಯಾರಂಟಿ ಚೀಟಿಯನ್ನು ಜೋಪಾನ ಮಾಡಿರಿ. ಟ್ರ್ಯಾಕ್ಟರಿನ ಬ್ಯಾಟರಿ ಟ್ರ್ಯಾಕ್ಟರಿಗೆ, ದೀಪದ ಬ್ಯಾಟರಿ ದೀಪಕ್ಕೆ ಎಂಬ ನಿಯಮವನ್ನು ಪಾಲಿಸಿದಲ್ಲಿ ರಾತ್ರಿ ಕಣದಲ್ಲಿ ಬೆಳಕೂ ಇರುತ್ತದೆ, ಬೆಳಿಗ್ಗೆ ಮಾಲು ಹೊತ್ತ ಗಾಡಿಯೂ ಹೊತ್ತಿಗೆ ಸರಿಯಾಗಿ ಹೊರಡುತ್ತದೆ.