ಕಾಳುಮೆಣಸು: ಕುಟ್ಟೋಣವೇ, ತಿರುವೋಣವೇ?



ಇವತ್ತು ಕಾಳುಮೆಣಸಿನ ವಿಷಯ ಓದೋಣ. ಕೆಲವರು ಇದನ್ನು ಕರಿಮೆಣಸು ಅಂತಾರೆ. ಮಂಗಳೂರು ಕಡೆ ಒಳ್ಳೆಮೆಣಸು ಅಂತಾರೆ. ಹೆಸರು ಯಾವುದಾದರೂ ಕಾಳು ಒಂದೇ.

ನಮ್ಮ ಕಲಿಕೆ ಕೇಂದ್ರ ಇರುವುದು ಶಿರಸಿ ಸೀಮೆಯ ಒಂದು ಹಳ್ಳಿಯಲ್ಲಿ. ಸುತ್ತಲೂ ಅಡಿಕೆ ತೋಟ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕೇಂದ್ರಕ್ಕೆ ಬರುವವರಲ್ಲಿ ಹೆಚ್ಚಿನವರು ತೋಟದ ಕೆಲಸಕ್ಕೆ ಹೋಗುವವರು. ಗಂಡಸರು ಏಣಿ ಹತ್ತಿ ಗೊಂಚಲು ಕೊಯ್ಯುತ್ತಾರೆ. ಹೆಂಗಸರು ಕಾಳು ಬಿಡಿಸುತ್ತಾರೆ, ಅಂಗಳದಲ್ಲಿ ಹರಡುತ್ತಾರೆ, ಒಣಗಿಸುತ್ತಾರೆ, ಕೇರುತ್ತಾರೆ. ಮೆಣಸಿನ ವಿಷಯ ಇವರಿಗಿಂತ ಹೆಚ್ಚು ನಮಗೆ ಗೊತ್ತಿಲ್ಲ. ಹಾಗಿದ್ದೂ ಈ ಪಾಠ ಯಾಕೆ ಬರೆದೆವು? ಅದಕ್ಕೆ ಒಂದು ಕಾರಣ ಇದೆ.

ಹೋದ ಮಳೆಗಾಲದ ಒಂದು ಸಂಜೆ. ಒಬ್ಬ ಅಕ್ಕ ಒಂದು ಸಣ್ಣ ಪ್ಯಾಕೆಟು ಹಿಡಿದು ಕೇಂದ್ರಕ್ಕೆ ಬಂದರು. ಮೆಣಸಿನ ಪುಡಿಯ ಪ್ಯಾಕೆಟು.

“ಅಕ್ಕೋರೇ, ಮೊಮ್ಮಗನಿಗೆ ಶೀತ ಅಂತ ಕಷಾಯ ಮಾಡಿದೆ. ಒಂದು ಚಮಚ ಹಾಕಿದೆ, ಖಾರ ಇಲ್ಲ. ಇನ್ನೊಂದು ಹಾಕಿದೆ, ಪರಿಮಳ ಇಲ್ಲ. ಮಣ್ಣು ಕಲಸಿದ ಹಾಗೆ ಆಯ್ತು. ಇದರ ಮೇಲೆ ಎಂತ ಬರೆದದೆ ನೋಡಿ.”

“ನೀವೇ ನೋಡಿ ಅಕ್ಕಾ” ಅಂದೆವು.

ಪ್ಯಾಕೆಟಿನ ಮೇಲೆ ಎಲ್ಲ ಇಂಗ್ಲಿಷು. ಆದರೆ ಅಂಕಿಗೆ ಭಾಷೆಯ ಹಂಗಿಲ್ಲ. ಅಕ್ಕ ಬೆರಳಿಟ್ಟು ಓದಿದರು. ಮೊದಲು ತಿಂಗಳು, ಆಮೇಲೆ ವರ್ಷ. ಬೆರಳು ಮಡಚಿ ಎಣಿಸಿದರು. ಪುಡಿ ಮಾಡಿ 14 ತಿಂಗಳಾಗಿತ್ತು! ಇಂತಿಷ್ಟು ದಿನದ ಒಳಗೆ ಬಳಸಿ ಅಂತ ಕೊಟ್ಟ ದಿನ ದಾಟಿ ಎರಡು ತಿಂಗಳು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದರು: “ಅದೇ ಅಂಗಡಿಗೆ ನಾನು ಮೂರು ಕೆಜಿ ಕಾಳು ಕೊಟ್ಟಿದ್ದೆ ಅಕ್ಕೋರೇ. ತೋಟದಲ್ಲಿ ಬಿದ್ದದ್ದು ಹೆಕ್ಕಿದ್ದು, ಒಡೆಯರು ನೀನೇ ಇಟ್ಕೋ ಅಂದಿದ್ರು. ಒಳ್ಳೆ ಕಾಳು ಕೊಟ್ಟು ಹಳೇ ಪುಡಿ ತಂದೆನಲ್ಲ!”

ಮನೆಗೆ ಕಾಳು ಯಾಕೆ ಉಳಿಸಿಕೊಳ್ಳಲಿಲ್ಲ ಅಂತ ಕೇಳಿದೆವು. ಕುಟ್ಟಾಣಿ ಒಡೆದು ವರ್ಷವಾಗಿತ್ತು. ಮಿಕ್ಸಿ ಇದೆ, ಆದರೆ ಒಂದು ಚಮಚ ಕಾಳು ಹಾಕಿದರೆ ಸುತ್ತಲೂ ಸಿಡಿಯುತ್ತದೆ, ಪುಡಿಯಾಗುವುದಿಲ್ಲ. ಹಾಗಾಗಿ ಎಲ್ಲವನ್ನೂ ಮಾರಿದ್ದರು. ಅಂದಿನ ಪಾಠ ಪುಸ್ತಕದ್ದಲ್ಲ, ಮೆಣಸಿನದ್ದೇ ಆಯಿತು.

ಪುಡಿ ಯಾಕೆ ಸಪ್ಪೆಯಾಗುತ್ತದೆ?

ಮೆಣಸಿನಲ್ಲಿ ಎರಡು ಗುಣ ಇವೆ. ಒಂದು ಖಾರ, ಇನ್ನೊಂದು ಪರಿಮಳ. ಖಾರಕ್ಕೆ ಕಾರಣ ಪೈಪರೀನ್ ಎಂಬ ವಸ್ತು. ಪರಿಮಳ ಬರುವುದು ಕಾಳಿನ ಒಳಗಿರುವ ಒಂದು ಬಗೆಯ ಎಣ್ಣೆಯಿಂದ. ಈ ಎಣ್ಣೆ ಗಾಳಿಗೆ ಹಾರಿಹೋಗುವಂಥದ್ದು. ದೇವರ ಮುಂದೆ ಕರ್ಪೂರ ಬಿಚ್ಚಿಟ್ಟರೆ ದಿನದಿಂದ ದಿನಕ್ಕೆ ಸಣ್ಣದಾಗುತ್ತದಲ್ಲ, ಹಾಗೆ.

ಕಾಳು ಇಡಿಯಾಗಿದ್ದರೆ ಎಣ್ಣೆ ಒಳಗೆ ಇರುತ್ತದೆ. ಒಡೆದ ಕೂಡಲೇ ಹೊರಗೆ ಬರುತ್ತದೆ. ಕುಟ್ಟುವಾಗ ಮೂಗಿಗೆ ಘಮ್ಮೆಂದು ಬಡಿಯುವುದು ಅದೇ. ಎಷ್ಟು ನುಣ್ಣಗೆ ಮಾಡಿದರೆ ಅಷ್ಟು ಬೇಗ ಹಾರುತ್ತದೆ. ಖಾರ ಇನ್ನೂ ಸ್ವಲ್ಪ ದಿನ ನಿಲ್ಲುತ್ತದೆ. ಆದರೆ ಬೆಳಕು ಬಿದ್ದರೆ ಅದೂ ಕುಗ್ಗುತ್ತದೆ. ಆದ್ದರಿಂದ ಇಡಿ ಕಾಳು ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟೇ ಪುಡಿ ಮಾಡುವುದು ಒಳ್ಳೆಯದು.

ಯಾವುದರಲ್ಲಿ ಪುಡಿ ಮಾಡುವುದು?

ಮೊದಲು ಕುಟ್ಟಾಣಿ. ಕಲ್ಲಿನದು, ಕಬ್ಬಿಣದ್ದು, ಹಿತ್ತಾಳೆಯದು ಎಲ್ಲ ಸಿಗುತ್ತವೆ. ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ. ಭಾರ ಇರಬೇಕು. ಹಗುರ ಇದ್ದರೆ ಕುಟ್ಟುವಾಗ ಕುಣಿಯುತ್ತದೆ. ಆಳ ಇರಬೇಕು. ಒಳಗೆ ಬೆರಳಾಡಿಸಿ ನೋಡಿ, ಕನ್ನಡಿಯ ಹಾಗೆ ನುಣುಪಿದ್ದರೆ ಕಾಳು ಜಾರುತ್ತದೆ. ಕಲ್ಲಿನ ಕುಟ್ಟಾಣಿ ಹೊಸದಾಗಿ ತಂದರೆ ಒಂದು ಹಿಡಿ ಅಕ್ಕಿ ಹಾಕಿ ಕುಟ್ಟಿ ಚೆಲ್ಲಿ. ಅಕ್ಕಿ ಹಿಟ್ಟು ಬೆಳ್ಳಗೆ ಬರುವ ತನಕ ಹೀಗೆ ಮಾಡಬೇಕು. ಇಲ್ಲದಿದ್ದರೆ ಸಾರಿನಲ್ಲಿ ಕಲ್ಲಿನ ಪುಡಿ ಹಲ್ಲಿಗೆ ಸಿಗುತ್ತದೆ. ಕುಟ್ಟುವಾಗ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿಯಿರಿ, ಕಾಳು ಹಾರುವುದಿಲ್ಲ. ಮೊದಲು ಮೆಲ್ಲಗೆ ಜಜ್ಜಿ, ಒಡೆದ ಮೇಲೆ ಜೋರಾಗಿ ಕುಟ್ಟಿ.

ಮಿಕ್ಸಿಗೆ ಸಣ್ಣ ಜಾರೇ ಬೇಕು. ಕಾಳು ತೀರಾ ಕಡಿಮೆ ಇದ್ದರೆ ಅಲಗಿಗೆ ಸಿಗುವುದಿಲ್ಲ. ಹಬ್ಬ, ಮದುವೆ ಅಡುಗೆಗೆ ಅದು ಸರಿ. ಒಂದೇ ಸಮನೆ ತಿರುಗಿಸಬೇಡಿ, ಬಿಸಿಯಾಗಿ ಪರಿಮಳ ಹೋಗುತ್ತದೆ. ಒತ್ತಿ ಬಿಡಿ, ಒತ್ತಿ ಬಿಡಿ. ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೆದರೆ ಮನೆಯವರೆಲ್ಲ ಸೀನುತ್ತಾರೆ!

ಮೂರನೆಯದು ಕೈಯಲ್ಲಿ ತಿರುವುವ ಮೆಣಸಿನ ಗಿರಣಿ. ಪೇಟೆಯ ಹೋಟೆಲಿನಲ್ಲಿ ಕೆಲವರು ನೋಡಿರಬಹುದು. ಚಪಾತಿ ಲಟ್ಟಣಿಗೆಯನ್ನು ನಿಲ್ಲಿಸಿದ ಹಾಗೆ ಇರುತ್ತದೆ. ಒಳಗೆ ಟೊಳ್ಳು. ಅಲ್ಲಿ ಕಾಳು ತುಂಬುತ್ತಾರೆ. ತಲೆ ತಿರುಗಿಸಿದರೆ ಕೆಳಗಿನಿಂದ ಪುಡಿ ಬೀಳುತ್ತದೆ. ನಮ್ಮ ಬೀಸುಕಲ್ಲಿನ ಉಪಾಯವೇ ಇದು. ಬೀಸುಕಲ್ಲಿನಲ್ಲಿ ಎರಡು ಕಲ್ಲು, ಇದರಲ್ಲಿ ಎರಡು ಹಲ್ಲಿನ ಚಕ್ರ. ಫ್ರಾನ್ಸ್ ದೇಶದ ಪೂಜೋ ಕಂಪನಿ 1874ರಲ್ಲೇ ಇಂಥ ಗಿರಣಿ ಮಾಡಿತು. ಆ ಹೆಸರಿನ ಕಾರು ಬಂದದ್ದು ಆಮೇಲೆ.

ನಾವು ಹೇಳಿದ ಅಕ್ಕನ ಮಗಳು ಬೆಂಗಳೂರಿನ ಗಾರ್ಮೆಂಟಿನಲ್ಲಿ ಕೆಲಸ ಮಾಡುತ್ತಾಳೆ. ಈ ಕತೆ ಕೇಳಿ ದೀಪಾವಳಿಗೆ ಬರುವಾಗ ಅಮ್ಮನಿಗೆ ಒಂದು ಗಿರಣಿ ತಂದಳು. ಅಕ್ಕನಿಗೆ ಸಂತೋಷವೋ ಸಂತೋಷ. ಉಪ್ಪು, ಮೆಣಸು ಎರಡನ್ನೂ ಒಟ್ಟಿಗೆ ತುಂಬಿದರು. ಒಂದೇ ಸಲಕ್ಕೆ ಕೆಲಸ ಆಗಲಿ ಅಂತ. ವಾರದ ಮೇಲೆ ಬೂದಿ ಹಾಕಿ ತೊಳೆದರು. ಹದಿನೈದು ದಿನಕ್ಕೆ ಗಿರಣಿ ತಿರುಗಲೇ ಇಲ್ಲ. ಮನೆಯಲ್ಲಿ ಅತ್ತೆ, “ನಮಗೆ ಒರಳು ಸಾಕಾಗಿತ್ತು, ಮಗಳ ಸಂಬಳ ದಂಡ” ಅಂದರಂತೆ. ಅಕ್ಕ ಅದನ್ನು ಸೆರಗಿನಲ್ಲಿ ಸುತ್ತಿ ಕೇಂದ್ರಕ್ಕೆ ತಂದರು. ಮಗಳಿಗೆ ಹೇಳಲು ಮನಸ್ಸು ಬಂದಿರಲಿಲ್ಲ.

ಬಿಚ್ಚಿ ನೋಡಿದೆವು. ಹಲ್ಲು ಉಕ್ಕಿನದು. ಉಪ್ಪು ತಗುಲಿ ತುಕ್ಕು ಹಿಡಿದಿತ್ತು. ಒಣಗಿದ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆವು. ಎರಡು ದಿನ ಬಿಸಿಲಿಗೆ ಇಟ್ಟೆವು. ಆಮೇಲೆ ಒಣ ಅಕ್ಕಿ ಹಾಕಿ ತಿರುವಿದೆವು. ಮೊದಲು ಕೆಂಪು ಹಿಟ್ಟು ಬಿತ್ತು. ನಾಲ್ಕನೇ ಸಲಕ್ಕೆ ಬಿಳಿ ಹಿಟ್ಟು ಬಿತ್ತು. ಈಗ ತಿರುಗುತ್ತದೆ, ಸ್ವಲ್ಪ ಕಿರಗುಡುತ್ತದೆ ಅಷ್ಟೇ. ಅಕ್ಕನ ತಪ್ಪು ಅಂತ ನಾವು ಹೇಳುವುದಿಲ್ಲ. ನಾವೂ ಒಮ್ಮೆ ಕುದಿಯುವ ಸಾರಿನ ಮೇಲೆಯೇ ಗಿರಣಿ ಹಿಡಿದು ತಿರುವಿದ್ದೆವು. ಹಬೆ ಒಳಗೆ ಹೋಗಿ ಪುಡಿ ಅಂಟಾಗಿ ಕೂತಿತ್ತು. ತಟ್ಟೆಗೆ ಪುಡಿ ಮಾಡಿಕೊಂಡು ಸಾರಿಗೆ ಹಾಕಬೇಕು.

ಗಿರಣಿ ಕೊಳ್ಳುವವರು ಅಡಿಭಾಗ ತಿರುಗಿಸಿ ಹಲ್ಲು ನೋಡಿ. ಉಕ್ಕಿನ ಹಲ್ಲು ಮೆಣಸಿಗೆ ಒಳ್ಳೆಯದು, ಆದರೆ ಉಪ್ಪು ಹಾಕಬಾರದು. ಪಿಂಗಾಣಿಯ ಹಲ್ಲಿಗೆ ತುಕ್ಕು ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಹಲ್ಲು ಬೇಡವೇ ಬೇಡ. ಅದು ಸವೆಯುತ್ತದೆ, ಸವೆದದ್ದು ನಮ್ಮ ಅನ್ನಕ್ಕೇ ಬೀಳುತ್ತದೆ. ದಪ್ಪ, ಸಣ್ಣ ಮಾಡಲು ಒಂದು ತಿರುಪು ಇರಬೇಕು. ಬಿಗಿ ಮಾಡಿದರೆ ನುಣ್ಣಗೆ, ಸಡಿಲ ಮಾಡಿದರೆ ತರಿ. ಉದ್ದ ಗಿರಣಿಗೆ ಬೆಲೆ ಹೆಚ್ಚು. ಆ ದುಡ್ಡು ಹೆಚ್ಚಿನಂಶ ಮರದ ಚಂದಕ್ಕೆ. ಗೇಣುದ್ದದ್ದು ಸಾಕು. ಅಂಗಡಿಯಲ್ಲಿ “ಸ್ವಲ್ಪ ಕಾಳು ಹಾಕಿ ತೋರಿಸಿ” ಅಂತ ಕೇಳಿ. ನಾಚಿಕೆ ಪಡಬೇಡಿ, ದುಡ್ಡು ನಿಮ್ಮದು.

ನಮ್ಮನ್ನು ಕೇಳಿದರೆ, ಮನೆಯಲ್ಲಿ ಒಳ್ಳೆ ಕುಟ್ಟಾಣಿ ಇದ್ದವರು ಗಿರಣಿಗೆ ದುಡ್ಡು ಹಾಕುವುದು ಬೇಡ. ಊಟಕ್ಕೆ ಕೂತಾಗ ಮೇಲಿಂದ ಉದುರಿಸಿಕೊಳ್ಳಲು ಗಿರಣಿ ಚಂದ. ಆದರೆ ಸಾರಿಗೆ ಎರಡು ಚಮಚ ಪುಡಿ ಬೇಕಾದರೆ ತಿರುವಿ ತಿರುವಿ ಮಣಿಕಟ್ಟು ನೋಯುತ್ತದೆ. ಬೆರಳು ಗಂಟು ನೋವಿರುವ ಅಜ್ಜಿಯರಿಗಂತೂ ಅದು ಕಷ್ಟ.

ಯಾವ ಅಡುಗೆಗೆ ಎಷ್ಟು ಪುಡಿ?

ಇದಕ್ಕೆ ನಾವೆಲ್ಲ ಸೇರಿ ಒಂದು ಅಳತೆ ಮಾಡಿಕೊಂಡೆವು. ಅಕ್ಕಿ ನುಚ್ಚಿನಷ್ಟು, ದಪ್ಪ ರವೆಯಷ್ಟು, ಹಿಟ್ಟಿನಷ್ಟು.

ಖಾರ ಪೊಂಗಲ್ಲಿಗೆ ಕಾಳು ಇಡಿ ಇರಲಿ, ಇಲ್ಲವೇ ನುಚ್ಚಿನಷ್ಟು ಒಡೆಯಲಿ. ತುಪ್ಪದಲ್ಲಿ ಹುರಿದು ಹಾಕಿ. ಮೆಣಸಿನ ಖಾರ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ತುಪ್ಪ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ನಮ್ಮ ಅಜ್ಜಿಯರು ತುಪ್ಪದಲ್ಲಿ ಹುರಿದದ್ದು ಸುಮ್ಮನೆ ಅಲ್ಲ.

ಕಷಾಯಕ್ಕೂ ನುಚ್ಚಿನಷ್ಟು ಜಜ್ಜಿದರೆ ಸಾಕು. ಕುದಿಸಿ ಸೋಸುತ್ತೇವಲ್ಲ. ಹಿಟ್ಟು ಮಾಡಿದರೆ ಸೋಸಲು ಬರುವುದಿಲ್ಲ, ಗಂಟಲಿಗೆ ಹಿಡಿಯುತ್ತದೆ. ಇಲ್ಲಿ ಒಂದು ಮಾತು. ಮಗುವಿಗೆ ಉಸಿರಾಡಲು ಕಷ್ಟವಾದರೆ, ಜ್ವರ ಬಿಡದಿದ್ದರೆ ಕಷಾಯ ಕುದಿಸುತ್ತಾ ಕೂರಬೇಡಿ. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಮೆಣಸಿನ ಸಾರಿಗೆ ದಪ್ಪ ರವೆಯ ಹದ. ಜೀರಿಗೆ, ಬೆಳ್ಳುಳ್ಳಿ ಜೊತೆ ಒಟ್ಟಿಗೆ ಕುಟ್ಟಿ. ಅರ್ಧ ಪುಡಿ ಕುದಿಯುವಾಗ ಹಾಕಿ, ಅರ್ಧ ಇಳಿಸುವಾಗ ಹಾಕಿ. ಮೊದಲಿನದು ಖಾರಕ್ಕೆ, ಕಡೆಯದು ಪರಿಮಳಕ್ಕೆ. ಪಲ್ಯ, ಮೀನು, ಮಾಂಸಕ್ಕೂ ಇದೇ ಹದ ಒಗ್ಗುತ್ತದೆ. ಕೊಡಗಿನವರು ಹಂದಿ ಕರಿಗೆ ಮೆಣಸು ಮುಂತಾದ ಮಸಾಲೆಯನ್ನು ಕಪ್ಪಗೆ ಹುರಿದು ಪುಡಿ ಮಾಡುತ್ತಾರೆ. ಅದು ಅವರ ಕೈಗುಣ. ನಾವು ಮಾಡಲು ಹೋಗಿ ಕಹಿ ಮಾಡಿಕೊಂಡೆವು.

ಹಿಟ್ಟಿನಷ್ಟು ನುಣ್ಣಗೆ ಬೇಕಾದದ್ದು ಮಜ್ಜಿಗೆ, ಬೇಯಿಸಿದ ಮೊಟ್ಟೆ, ಸೌತೆಕಾಯಿ ಹೋಳಿಗೆ. ನುಣ್ಣಗಿನ ಪುಡಿ ನಾಲಿಗೆಗೆ ಕೂಡಲೇ ಖಾರ ತೋರಿಸುತ್ತದೆ. ಆದ್ದರಿಂದ ಕಡಿಮೆ ಹಾಕಿ.

ಕಾಳು ಒಳ್ಳೆಯದೋ ಅಲ್ಲವೋ?

ಕೆಲವು ಕಡೆ ಮೆಣಸಿಗೆ ಒಣಗಿದ ಪಪ್ಪಾಯಿ ಬೀಜ ಬೆರೆಸಿ ಮಾರುತ್ತಾರೆ. ಪುಡಿಯಾದ ಮೇಲೆ ಅದನ್ನು ಕಣ್ಣಿನಲ್ಲಿ ಹಿಡಿಯುವುದು ಕಷ್ಟ. ಇಡಿ ಕಾಳಿನಲ್ಲಿ ಹಿಡಿಯಬಹುದು. ಒಂದು ಲೋಟ ನೀರಿಗೆ ಒಂದು ಚಮಚ ಕಾಳು ಹಾಕಿ. ಒಳ್ಳೆ ಮೆಣಸು ತಳಕ್ಕೆ ಇಳಿಯುತ್ತದೆ. ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳು ಕಾಳೂ ತೇಲುತ್ತದೆ. ಆದ್ದರಿಂದ ತೇಲಿದ್ದನ್ನು ಎತ್ತಿ ಒಡೆದು, ಮೂಸಿ ನೋಡಿ. ಪಪ್ಪಾಯಿ ಬೀಜ ಮೊಟ್ಟೆಯಾಕಾರ ಇರುತ್ತದೆ, ಮೆಣಸಿನ ಘಾಟು ಬರುವುದಿಲ್ಲ. ಕಾಳು ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿದ್ದರೂ ಅನುಮಾನ ಪಡಿ.

ಮನೆಯಲ್ಲೇ ಹಸಿ ಕಾಳು ಒಣಗಿಸುವವರಿಗೆ ಗೊತ್ತು, ಮೂರು ಕೆಜಿ ಹಸಿ ಕಾಳಿಗೆ ಸುಮಾರು ಒಂದು ಕೆಜಿ ಒಣ ಕಾಳು. ಕುದಿಯುವ ನೀರಿನಲ್ಲಿ ಒಂದೇ ನಿಮಿಷ ಅದ್ದಿ ತೆಗೆದು ಒಣಗಿಸಿದರೆ ಬೇಗ ಒಣಗುತ್ತದೆ, ಕಪ್ಪು ಬಣ್ಣ ಒಂದೇ ಸಮ ಬರುತ್ತದೆ. ಒಣಗಿದ ಕಾಳು ಹಲ್ಲಿಗೆ ಕಟ್ ಎಂದು ಒಡೆಯಬೇಕು. ಮೆತ್ತಗಿದ್ದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಬೂಷ್ಟು ಹಿಡಿದ ಕಾಳನ್ನು ತೊಳೆದು ಬಳಸಬೇಡಿ, ಎಸೆಯಿರಿ.

ಒಂದು ಹಳೆಯ ಮಾತು. ನಮ್ಮ ದೇಶಕ್ಕೆ ಮೆಣಸಿನಕಾಯಿ ತಂದವರು ಪೋರ್ಚುಗೀಸರು. ಅದಕ್ಕೆ ಮೊದಲು ನಮ್ಮ ಅಡುಗೆಯ ಖಾರ ಅಂದರೆ ಈ ಮೆಣಸೇ. ಮೆಣಸಿನಕಾಯಿಗೆ ಹೆಸರು ಬಂದದ್ದೂ ಇದರಿಂದಲೇ. ನಮ್ಮ ಜಿಲ್ಲೆಯ ಗೇರುಸೊಪ್ಪೆಯನ್ನು 16ನೇ ಶತಮಾನದಲ್ಲಿ ಚೆನ್ನಭೈರಾದೇವಿ ಎಂಬ ರಾಣಿ ಆಳಿದಳು. ಆಕೆಯ ನಾಡಿನ ಮೆಣಸು ಹಡಗು ಹತ್ತಿ ಹೋಗುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಅಂತಲೇ ಕರೆದರು. ಇದನ್ನು ಓದಿದಾಗ ಕೇಂದ್ರದಲ್ಲಿ ಒಬ್ಬ ತಂಗಿ, “ಅವಳು ರಾಣಿ, ಹೆಕ್ಕಿದ್ದು ಯಾರು?” ಅಂತ ಕೇಳಿದಳು. ಎಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆ ಸುಳ್ಳಲ್ಲ.

ಲೆಕ್ಕ ಮಾಡೋಣ

ಮೆಣಸಿನ ಬೆಲೆ ವರ್ಷ ವರ್ಷ ಏರುತ್ತದೆ, ಇಳಿಯುತ್ತದೆ. ಇಲ್ಲಿ ಕೊಟ್ಟ ಬೆಲೆ ಲೆಕ್ಕಕ್ಕೆ ಮಾತ್ರ. ಅಂಗಡಿಯವರು ನಮ್ಮ ಕಾಳಿಗೆ ಕೆಜಿಗೆ 600 ರೂಪಾಯಿ ಕೊಟ್ಟರು ಅಂದುಕೊಳ್ಳಿ. ಅರ್ಧ ಕೆಜಿ ಮಾರಿದರೆ 300 ರೂಪಾಯಿ ಬಂತು. ಈಗ ಪುಡಿ ಕೊಳ್ಳೋಣ. 50 ಗ್ರಾಂ ಪ್ಯಾಕೆಟಿಗೆ 60 ರೂಪಾಯಿ. ಅರ್ಧ ಕೆಜಿ ಪುಡಿಗೆ ಎಷ್ಟು ಪ್ಯಾಕೆಟು ಬೇಕು? 10. ಹತ್ತು ಪ್ಯಾಕೆಟಿಗೆ 600 ರೂಪಾಯಿ. ನಮ್ಮದೇ ಕಾಳನ್ನು 300ಕ್ಕೆ ಕೊಟ್ಟು 600ಕ್ಕೆ ತಂದ ಹಾಗಾಯಿತು.

ಈ ಲೆಕ್ಕವನ್ನು ಅಕ್ಕ ಕರಿಹಲಗೆಯ ಮೇಲೆ ತಾವೇ ಮಾಡಿದರು. ಈ ಸಲ ಸುಗ್ಗಿಯಲ್ಲಿ ಅರ್ಧ ಕೆಜಿ ಕಾಳು ಮನೆಗೆ ಉಳಿಸಿದ್ದಾರೆ. ಮಾರಿದ್ದರಲ್ಲಿ ಒಂದು ಕಲ್ಲಿನ ಕುಟ್ಟಾಣಿಯೂ ಬಂತು. ಗಿರಣಿ ಅತ್ತೆಯ ಊಟದ ಮಣೆಯ ಹತ್ತಿರ ಇದೆ. ಅತ್ತೆ ಮಜ್ಜಿಗೆಗೆ ಎರಡು ಸುತ್ತು ತಿರುವಿಕೊಳ್ಳುತ್ತಾರಂತೆ, ಯಾರೂ ನೋಡದಾಗ.

ನೀವು ಮಾಡಿ

ಮನೆಯ ಮೆಣಸಿನ ಡಬ್ಬ ತೆಗೆಯಿರಿ. ಅದು ಒಲೆಯ ಹತ್ತಿರ ಇದ್ದರೆ ದೂರ, ಕತ್ತಲಿರುವ ಕಡೆ ಇಡಿ. ಒಂದು ಚೀಟಿಯಲ್ಲಿ ಹೀಗೆ ಬರೆದು ಡಬ್ಬಕ್ಕೆ ಅಂಟಿಸಿ:

ಕಾಳುಮೆಣಸು. ತಂದ ದಿನ: ____ ತೂಕ: ____ ಬೆಲೆ: ____

ಅಂಗಡಿಯಿಂದ ತಂದ ಯಾವುದಾದರೂ ಪುಡಿಯ ಪ್ಯಾಕೆಟನ್ನು ನಾಳೆ ಕೇಂದ್ರಕ್ಕೆ ತನ್ನಿ. ಅದರ ಮೇಲಿನ ತಿಂಗಳು, ವರ್ಷ ಹುಡುಕಿ ಓದೋಣ.